ಗುರುತು ಸಿಗದ ಕ್ಯಾಮ್‌ಶಾಫ್ಟ್: ಹಳೆಯ ಮೋಟಾರ್‌ಸೈಕಲ್ ಇಂಜಿನ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ನಾನಾ ಪೇಠದ ಬಿಡಿಭಾಗಗಳ ಅಂಗಡಿಗಳಲ್ಲಿ, ಬುಧವಾರ ಮತ್ತು ಭಾನುವಾರ ಕೂಡುವ ಜುನಾ ಬಜಾರಿನಲ್ಲಿ, ಮುಂಬಯಿಯ ಕುರ್ಲಾ ಗುಜರಿಯಲ್ಲಿ ಹಳೆಯ ಇಂಜಿನ್‌ಗಳ ಭಾಗಗಳು ಇಂದಿಗೂ ಸಿಗುತ್ತವೆ, ಆದರೆ ಅವುಗಳ ಜೊತೆಗೆ ಅವುಗಳ ಚರಿತ್ರೆ ಸಿಗುವುದಿಲ್ಲ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದು ಪಿಂಪ್ರಿ, ಚಿಂಚವಡ, ಭೋಸರಿಗಳ ವರ್ಕ್‌ಶಾಪ್‌ಗಳಲ್ಲಿ ದುಡಿಯುವ ನಮ್ಮವರಲ್ಲಿ ಮೈಕ್ರೊಮೀಟರ್ ಹಿಡಿಯಲು ಬರುವವರು ಬಹಳ ಮಂದಿ ಇದ್ದಾರೆ. ಇಂಜಿನ್ನಿನ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟನ್ನು ಅಳೆಯುವ ಕ್ರಮವನ್ನು ಕನ್ನಡದಲ್ಲಿ ವಿವರಿಸುವ ಬರಹ ಮಾತ್ರ ಅವರಿಗೆ ಸುಲಭವಾಗಿ ದೊರೆಯದು. ಅವರಿಗಾಗಿ ಮತ್ತು ರಜೆಯ ದಿನಗಳಲ್ಲಿ ಮನೆಯಂಗಳದಲ್ಲಿ ಇಂಜಿನ್ ಬಿಚ್ಚಿಕೊಂಡು ಕೂರುವ ಹವ್ಯಾಸಿಗಳಿಗಾಗಿ ಇದನ್ನು ಬರೆದಿದ್ದೇನೆ.

ಗುರುತಿಲ್ಲದ ಕ್ಯಾಮ್ ಕೈಗೆ ಬಂದಾಗ ಮೊದಲು ಏನು ಮಾಡಬೇಕು?

ತೊಳೆಯುವ ಮೊದಲು ನೋಡಬೇಕು. ಲೋಬ್‌ಗಳ, ಅಂದರೆ ಶಾಫ್ಟಿನ ಮೇಲಿನ ಮೊಟ್ಟೆಯಾಕಾರದ ಉಬ್ಬುಗಳ ಮೇಲೆ ಟ್ಯಾಪೆಟ್ (ಲೋಬಿನ ಮೇಲೆ ಕೂತು ಅದರ ಏರಿಳಿತವನ್ನು ವಾಲ್ವಿನ ಕಡೆಗೆ ದಾಟಿಸುವ ಭಾಗ) ಉಜ್ಜಿದ ಪಟ್ಟಿ ಎಷ್ಟು ಅಗಲವಾಗಿದೆ, ಆ ಪಟ್ಟಿ ಲೋಬಿನ ನಡುವೆ ಇದೆಯೇ ಅಥವಾ ಒಂದು ಬದಿಗೆ ಸರಿದಿದೆಯೇ, ಜರ್ನಲ್‌ಗಳ (ಬುಶ್‌ನೊಳಗೆ ತಿರುಗುವ ಶಾಫ್ಟಿನ ದುಂಡು ಭಾಗಗಳ) ಮೇಲೆ ಬುಶ್ ಕೂತಿದ್ದ ಕಲೆ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನೆಲ್ಲ ಹಳೆಯ ಎಣ್ಣೆಯ ಕಂದು ಬಣ್ಣವೇ ತೋರಿಸುತ್ತದೆ. ಮರಳು ಕಾಗದ ಅಥವಾ ಬಫ್ ಚಕ್ರ ತಾಗಿದೊಡನೆ ಆ ಸಾಕ್ಷ್ಯ ಅಳಿಸಿಹೋಗುತ್ತದೆ. ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಆಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಗೇರ್ ಇನ್ನೂ ಶಾಫ್ಟಿನ ಮೇಲೆಯೇ ಇದ್ದರೆ ಅದನ್ನು ಕೀಳಲು ಅವಸರಪಡಬೇಡಿ. ಗೇರ್ ಮತ್ತು ಲೋಬಿನ ನಡುವಿನ ಕೋನವೂ ಒಂದು ಮಾಹಿತಿಯೇ; ಜೊತೆಗೆ ಬ್ರಿಟಿಷ್ ಮೋಟಾರ್‌ಸೈಕಲ್ ಟ್ರಯಂಫ್‌ನ ಕ್ಯಾಮ್ ಗೇರ್ ನಟ್ಟುಗಳಿಗೆ ಎಡಮರೆ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್) ಇರುವುದರಿಂದ ಗೊತ್ತಿಲ್ಲದೆ ಬಲ ಹಾಕಿದರೆ ಮರೆಯೇ ಹಾಳಾಗುತ್ತದೆ.

ಅದರ ಮೇಲೆ ಒತ್ತಿದ ಸಂಖ್ಯೆ ಇದೆ. ಗುರುತಿಸಲು ಅಷ್ಟು ಸಾಲದೇ?

ಸಂಖ್ಯೆಯಿಂದ ಹುಡುಕಾಟ ಶುರುವಾಗುತ್ತದೆ. ಟ್ರಯಂಫ್ ಟ್ವಿನ್‌ಗಳ (ಎರಡು ಸಿಲಿಂಡರಿನ ಇಂಜಿನ್‌ಗಳ) ಇ 3134 ಎಂಬ ಸಂಖ್ಯೆ ವೇಗದ ಕ್ಯಾಮ್ ಎಂದು ಹೆಸರಾಗಿದೆ. ಇನ್ನೊಂದು ಬ್ರಿಟಿಷ್ ಕಂಪನಿಯಾದ ಬಿಎಸ್‌ಎಯ ಎ10 ಇಂಜಿನ್‌ಗಳಲ್ಲಿ 357 ಎಂಬುದು ಸ್ಪಿಟ್‌ಫೈರ್ ಕ್ಯಾಮ್ ಎಂದು ಪ್ರಸಿದ್ಧ. ಇಂಥ ಸಂಖ್ಯೆ ಕಂಡರೆ ಅದನ್ನು ಬರೆದಿಟ್ಟುಕೊಂಡು, ಆ ಇಂಜಿನ್ನಿನ ಬಿಡಿಭಾಗಗಳ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು.

ಆದರೆ ಸಂಖ್ಯೆಯನ್ನು ಪೂರ್ತಿ ನಂಬಬಾರದು ಎನ್ನುವುದಕ್ಕೆ ಗಟ್ಟಿ ಕಾರಣಗಳಿವೆ. ಕಬ್ಬಿಣವನ್ನು ಕಾಸಿ ಬಡಿದ ಕಚ್ಚಾ ತುಂಡಿನ ಮೇಲೆ ಉಬ್ಬಿದ ಅಕ್ಷರಗಳಲ್ಲಿ ಬರುವ ಸಂಖ್ಯೆ ಆ ಕಚ್ಚಾ ತುಂಡಿನದು. ಒಂದೇ ಕಚ್ಚಾ ತುಂಡಿನಿಂದ ಬೇರೆ ಬೇರೆ ಆಕಾರದ ಲೋಬ್‌ಗಳನ್ನು ಗ್ರೈಂಡ್ ಮಾಡಬಹುದು. ಗ್ರೈಂಡಿಂಗ್ ಆದ ಮೇಲೆ ಪಂಚ್‌ನಿಂದ ಒತ್ತಿದ ಸಂಖ್ಯೆಗೆ ಬೆಲೆ ಹೆಚ್ಚು. ಅದೂ ಸಹ ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಅರವತ್ತು ಎಪ್ಪತ್ತು ವರ್ಷಗಳಲ್ಲಿ ಯಾರೋ ಲೋಬ್‌ಗಳನ್ನು ಮರುಗ್ರೈಂಡ್ ಮಾಡಿಸಿರಬಹುದು, ಆ ಕೆಲಸದಲ್ಲಿ ಸಂಖ್ಯೆ ಹಾಗೆಯೇ ಉಳಿದು ಆಕಾರ ಬದಲಾಗಿರಬಹುದು. ಆದ್ದರಿಂದ ಸಂಖ್ಯೆಯನ್ನು ಓದಿ, ಆಕಾರವನ್ನು ಅಳೆದು, ಎರಡೂ ಒಂದನ್ನೇ ಹೇಳಿದರೆ ಮಾತ್ರ ಒಪ್ಪಿಕೊಳ್ಳಿ. ಸಂಖ್ಯೆಗೂ ಅಳತೆಗೂ ಜಗಳ ಬಿದ್ದರೆ ಅಳತೆಯ ಪರ ನಿಲ್ಲಬೇಕು.

ಯಾವ ಇಂಜಿನ್ನಿನದು ಎಂದೇ ಗೊತ್ತಿಲ್ಲದಿದ್ದರೆ?

ಆಗ ಲೋಬ್‌ಗಳನ್ನು ಬಿಟ್ಟು ಉಳಿದದ್ದನ್ನು ಮೊದಲು ನೋಡಬೇಕು. ಶಾಫ್ಟಿನ ಒಟ್ಟು ಉದ್ದ, ಜರ್ನಲ್‌ಗಳ ವ್ಯಾಸ, ಲೋಬ್‌ಗಳ ಸಂಖ್ಯೆ ಮತ್ತು ಅಂತರ, ಕೀಲಿ ಕೂರುವ ತೋಡು (ಕೀವೇ) ಇದೆಯೇ, ತುದಿಯ ಮರೆ ಯಾವ ಜಾತಿಯದು ಎಂಬ ವಿವರಗಳನ್ನು ಬರೆದುಕೊಳ್ಳಿ. ವ್ಯಾಸವು ಮಿಲಿಮೀಟರಿನಲ್ಲಿ ಅಡ್ಡಾದಿಡ್ಡಿಯಾಗಿದ್ದು ಇಂಚಿನ ಭಿನ್ನರಾಶಿಯಲ್ಲಿ ಸರಿಯಾಗಿ ಕೂತರೆ, ಮರೆಯೂ ಇಂಚಿಗೆ 26 ಸುತ್ತಿನ ಸೈಕಲ್ ಮರೆಯಾಗಿದ್ದರೆ, ಅದು ಬಹುತೇಕ ಹಳೆಯ ಬ್ರಿಟಿಷ್ ವಸ್ತು.

ಅನಂತರ ಇಂಜಿನ್ನಿನ ವಿನ್ಯಾಸ. 1937ರ ಸ್ಪೀಡ್ ಟ್ವಿನ್‌ನಿಂದ ಆರಂಭವಾದ ಟ್ರಯಂಫ್ ಟ್ವಿನ್‌ಗಳಲ್ಲಿ ಸಿಲಿಂಡರುಗಳ ಮುಂದೆ ಎಕ್ಸಾಸ್ಟ್‌ಗೊಂದು (ಹೊಗೆ ಹೊರಬಿಡುವ ವಾಲ್ವ್‌ಗಳಿಗೆ), ಹಿಂದೆ ಇನ್‌ಲೆಟ್‌ಗೊಂದು (ಇಂಧನದ ಮಿಶ್ರಣ ಒಳಬಿಡುವ ವಾಲ್ವ್‌ಗಳಿಗೆ), ಹೀಗೆ ಎರಡು ಕ್ಯಾಮ್‌ಶಾಫ್ಟ್‌ಗಳಿವೆ. ಆದ್ದರಿಂದ ಪ್ರತಿ ಶಾಫ್ಟಿನಲ್ಲಿ ಎರಡೇ ಲೋಬ್. ಬಿಎಸ್‌ಎ ಎ7 ಮತ್ತು ಎ10ರಲ್ಲಿ ಸಿಲಿಂಡರಿನ ಹಿಂದೆ ಒಂದೇ ಶಾಫ್ಟ್, ನಾರ್ಟನ್ ಟ್ವಿನ್‌ಗಳಲ್ಲಿ ಮುಂದೆ ಒಂದೇ ಶಾಫ್ಟ್, ಎರಡರಲ್ಲೂ ನಾಲ್ಕು ಲೋಬ್. ನಮ್ಮ ಹಳೆಯ ಬುಲೆಟ್ಟಿನಲ್ಲಿ ಉದ್ದನೆಯ ಶಾಫ್ಟೇ ಇಲ್ಲ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಕ್ಯಾಮ್‌ಗಳು ತಮ್ಮ ತಮ್ಮ ಗೇರಿನೊಂದಿಗೆ, ಕ್ರ್ಯಾಂಕ್‌ಕೇಸಿನಲ್ಲಿ ಒತ್ತಿ ಕೂರಿಸಿದ ಸ್ಪಿಂಡಲ್‌ಗಳ ಮೇಲೆ ಬೇರೆ ಬೇರೆಯಾಗಿ ತಿರುಗುತ್ತವೆ. ಲೋಬ್‌ಗಳನ್ನು ಎಣಿಸುವಷ್ಟರಲ್ಲಿಯೇ ಅರ್ಧದಷ್ಟು ಸಾಧ್ಯತೆಗಳು ಪಟ್ಟಿಯಿಂದ ಹೊರಬೀಳುತ್ತವೆ.

ನನ್ನ ಬಳಿ ಜಾವಾ, ಯೆಜ್ಡಿ ಇದೆ. ಅದರ ಕ್ಯಾಮ್ ಗುರುತಿಸುವುದು ಹೇಗೆ?

ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ ಮತ್ತು ಯೆಜ್ಡಿಗಳು ಟೂ ಸ್ಟ್ರೋಕ್ ಇಂಜಿನ್‌ಗಳು. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುವುದರಿಂದ ಅವುಗಳಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಇರುವುದಿಲ್ಲ. ಪಾಯಿಂಟ್‌ಗಳನ್ನು ತೆರೆಯುವ ಚಿಕ್ಕ ಕ್ಯಾಮ್‌ಗೂ ಇಲ್ಲಿನ ಚರ್ಚೆಗೂ ಸಂಬಂಧವಿಲ್ಲ. ರಾಜದೂತ್ 175ಕ್ಕೂ ಇದೇ ಮಾತು.

ಒಂದೇ ಶಾಫ್ಟಿನ ಮೇಲಿರುವ ಲೋಬ್‌ಗಳಲ್ಲಿ ಇನ್‌ಲೆಟ್ ಯಾವುದು, ಎಕ್ಸಾಸ್ಟ್ ಯಾವುದು?

ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆದು ಮುಚ್ಚುವ ಹೊತ್ತಿಗೆ ಇನ್‌ಲೆಟ್ ತೆರೆಯುತ್ತದೆ. ಹಾಗಾಗಿ ಒಂದು ಸಿಲಿಂಡರಿಗೆ ಸೇರಿದ ಎರಡು ಲೋಬ್‌ಗಳ ತುದಿಗಳ ನಡುವೆ ಒಂದು ಕಡೆಯಿಂದ ಅಳೆದರೆ ಸುಮಾರು 100ರಿಂದ 115 ಡಿಗ್ರಿಯ ಚಿಕ್ಕ ಅಂತರವೂ ಇನ್ನೊಂದು ಕಡೆಯಿಂದ ಅದರ ಇಮ್ಮಡಿಗೂ ಮೀರಿದ ದೊಡ್ಡ ಅಂತರವೂ ಕಾಣುತ್ತವೆ. ಇದು ಎರಡರ ಟ್ಯಾಪೆಟ್‌ಗಳೂ ಒಂದೇ ದಿಕ್ಕಿನಲ್ಲಿ ನಿಂತಿರುವ ವಿನ್ಯಾಸಕ್ಕೆ ಅನ್ವಯಿಸುವ ಲೆಕ್ಕ. ಶಾಫ್ಟನ್ನು ಅದು ಇಂಜಿನ್ನಿನಲ್ಲಿ ತಿರುಗುವ ದಿಕ್ಕಿನಲ್ಲಿಯೇ ತಿರುಗಿಸಿ. ಚಿಕ್ಕ ಅಂತರಕ್ಕೆ ಮೊದಲು ಟ್ಯಾಪೆಟ್ಟನ್ನು ಮುಟ್ಟುವ ಲೋಬ್ ಎಕ್ಸಾಸ್ಟಿನದು, ಅದರ ಹಿಂದೆಯೇ ಬರುವುದು ಇನ್‌ಲೆಟ್ಟಿನದು. ತಿರುಗುವ ದಿಕ್ಕನ್ನು ತಪ್ಪಾಗಿ ಊಹಿಸಿದರೆ ಉತ್ತರ ಪೂರ್ತಿ ತಲೆಕೆಳಗಾಗುತ್ತದೆ. ಕ್ರ್ಯಾಂಕಿನ ಗೇರ್ ನೇರವಾಗಿ ಕ್ಯಾಮ್ ಗೇರನ್ನು ತಿರುಗಿಸಿದರೆ ದಿಕ್ಕು ಉಲ್ಟಾ, ನಡುವೆ ಒಂದು ಐಡ್ಲರ್ ಗೇರ್ ಅಥವಾ ಚೈನ್ ಇದ್ದರೆ ಕ್ರ್ಯಾಂಕಿನ ದಿಕ್ಕೇ ಕ್ಯಾಮಿನ ದಿಕ್ಕು.

ಲಿಫ್ಟನ್ನು, ಅಂದರೆ ಲೋಬ್ ಟ್ಯಾಪೆಟ್ಟನ್ನು ಎಷ್ಟು ಎತ್ತುತ್ತದೆ ಎಂಬುದನ್ನು ಅಳೆಯುವ ಸರಿಯಾದ ಕ್ರಮ ಯಾವುದು?

ಸಾಮಾನ್ಯವಾಗಿ ಮಾಡುವುದು ಹೀಗೆ: ಲೋಬಿನ ತುದಿಯಿಂದ ಹಿಂಬದಿಯವರೆಗೆ ಮೈಕ್ರೊಮೀಟರಿನಿಂದ ಅಳೆದು, ಅದಕ್ಕೆ ಲಂಬವಾಗಿ ಅಡ್ಡ ಅಳತೆ ತೆಗೆದು, ಮೊದಲನೆಯದರಿಂದ ಎರಡನೆಯದನ್ನು ಕಳೆಯುವುದು. ಉದಾಹರಣೆಗೆ ಎತ್ತರ 31 ಮಿ.ಮೀ., ಅಡ್ಡ 23.5 ಮಿ.ಮೀ. ಬಂದರೆ ಲಿಫ್ಟ್ 7.5 ಮಿ.ಮೀ. ಅಡ್ಡ ಅಳತೆಯು ನಿಜವಾಗಿಯೂ ಲೋಬಿನ ಬುಡದ ವೃತ್ತದ (ಟ್ಯಾಪೆಟ್ಟನ್ನು ಎತ್ತದ ದುಂಡು ಭಾಗದ) ವ್ಯಾಸವೇ ಆಗಿದ್ದಾಗ ಮಾತ್ರ ಈ ಲೆಕ್ಕ ಸರಿ. ವಾಲ್ವ್ ತೆರೆದಿರುವ ಅವಧಿ ದೀರ್ಘವಾಗಿದ್ದು, ಶಬ್ದ ತಗ್ಗಿಸಲು ಕೊಟ್ಟ ನಿಧಾನದ ಇಳಿಜಾರುಗಳೂ ಸೇರಿ ಒಟ್ಟು 360 ಕ್ರ್ಯಾಂಕ್ ಡಿಗ್ರಿಯನ್ನು ದಾಟಿದರೆ, ಲೋಬಿನ ಪಕ್ಕೆಗಳು ಅಡ್ಡ ಅಳತೆಯೊಳಗೆ ನುಗ್ಗುತ್ತವೆ. ಆಗ ಬುಡದ ವೃತ್ತ ಇದ್ದದ್ದಕ್ಕಿಂತ ದೊಡ್ಡದಾಗಿ, ಲಿಫ್ಟ್ ಇದ್ದದ್ದಕ್ಕಿಂತ ಕಡಿಮೆಯಾಗಿ ತೋರುತ್ತದೆ. ವೇಗದ ಕ್ಯಾಮನ್ನು ಸವೆದ ಕ್ಯಾಮ್ ಎಂದು ಗುಜರಿಗೆ ಹಾಕುವುದು ಈ ತಪ್ಪಿನಿಂದಲೇ.

ಶಾಫ್ಟನ್ನು ಎರಡು ವಿ ಬ್ಲಾಕ್‌ಗಳ ಮೇಲೆ ಅಥವಾ ಲೇತಿನ ಸೆಂಟರುಗಳ ನಡುವೆ ಇಟ್ಟು, ಲೋಬಿನ ಹಿಂಬದಿಯ ಮೇಲೆ ಡಯಲ್ ಗೇಜನ್ನು ಸೊನ್ನೆಗೆ ತಂದು, ಒಂದು ಸುತ್ತು ತಿರುಗಿಸಿ ಅತಿ ಹೆಚ್ಚಿನ ಓದಿಕೆಯನ್ನು ಬರೆದುಕೊಳ್ಳುವುದು ಇದಕ್ಕಿಂತ ನಂಬಿಕೆಯ ದಾರಿ. ಅದೇ ಹೊತ್ತಿನಲ್ಲಿ ಜರ್ನಲ್‌ಗಳ ಮೇಲೂ ಗೇಜ್ ಇಟ್ಟು ಶಾಫ್ಟ್ ಬಾಗಿದೆಯೇ ಎಂದು ನೋಡಿ. ವಾಲ್ವಿನ ಲಿಫ್ಟ್ ಬೇಕಾದರೆ ಕ್ಯಾಮಿನ ಲಿಫ್ಟನ್ನು ರಾಕರಿನ (ವಾಲ್ವನ್ನು ಒತ್ತುವ ತೂಗುಕೋಲಿನ) ಅನುಪಾತದಿಂದ ಗುಣಿಸಿ ಕ್ಲಿಯರೆನ್ಸನ್ನು, ಅಂದರೆ ವಾಲ್ವ್ ಮುಚ್ಚಿದ್ದಾಗ ರಾಕರಿಗೂ ಅದಕ್ಕೂ ನಡುವೆ ಬಿಡುವ ಸಣ್ಣ ಸಂದನ್ನು ಕಳೆಯಬೇಕು. ಪುಸ್ತಕದಲ್ಲಿ ಕೊಟ್ಟಿರುವುದು ಇವೆರಡರಲ್ಲಿ ಯಾವ ಲಿಫ್ಟ್ ಎಂದು ಗಮನವಿಟ್ಟು ಓದಿ.

ಅವಧಿಯನ್ನು, ಅಂದರೆ ವಾಲ್ವ್ ಎಷ್ಟು ಡಿಗ್ರಿ ತೆರೆದಿರುತ್ತದೆ ಎಂಬುದನ್ನು ಅಳೆಯುವುದು ಹೇಗೆ?

ಕ್ಯಾಮನ್ನು ಗುರುತಿಸುವ ಕೆಲಸದ ಜೀವಾಳ ಇದೇ. ಒಂದೇ ಲಿಫ್ಟ್ ಇರುವ ಎರಡು ಕ್ಯಾಮ್‌ಗಳು ಅವಧಿಯಲ್ಲಿ ಬೇರೆಯಾಗಿದ್ದರೆ ಇಂಜಿನ್ನಿನ ಸ್ವಭಾವವೇ ಬೇರೆಯಾಗುತ್ತದೆ.

ಮೊದಲು ಟಿ.ಡಿ.ಸಿ.ಯನ್ನು, ಅಂದರೆ ಪಿಸ್ಟನ್ನಿನ ಅತಿ ಮೇಲಿನ ಸ್ಥಾನವನ್ನು ನಿಖರವಾಗಿ ಹಿಡಿಯಬೇಕು. ಅಲ್ಲಿ ಪಿಸ್ಟನ್ ಹಲವು ಡಿಗ್ರಿಗಳವರೆಗೆ ನಿಂತಂತೆಯೇ ಇರುವುದರಿಂದ ಪ್ಲಗ್ಗಿನ ರಂಧ್ರದಲ್ಲಿ ಕಡ್ಡಿ ಇಟ್ಟು ಕಣ್ಣಳತೆಯಲ್ಲಿ ಹಿಡಿದ ಟಿ.ಡಿ.ಸಿ. ಉಪಯೋಗಕ್ಕೆ ಬಾರದು. ಹಳೆಯ ಸ್ಪಾರ್ಕ್ ಪ್ಲಗ್ಗಿನ ದೇಹಕ್ಕೆ ಒಂದು ಬೋಲ್ಟ್ ಕೂರಿಸಿ ತಡೆ ಮಾಡಿಕೊಳ್ಳಿ. ಬಿಎಸ್‌ಎ ಎಂ20ಯಂಥ ಸೈಡ್ ವಾಲ್ವ್ (ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವ) ಇಂಜಿನ್ನಾದರೆ ಹೆಡ್ ತೆಗೆದು ಸಿಲಿಂಡರಿನ ಮೇಲೆ ಅಡ್ಡಪಟ್ಟಿ ಬಿಗಿಯಿರಿ. ಕ್ರ್ಯಾಂಕಿಗೆ ಡಿಗ್ರಿ ಪ್ಲೇಟ್ ಕೂರಿಸಿ, ಪಿಸ್ಟನ್ ತಡೆಗೆ ತಾಗುವವರೆಗೆ ಒಂದು ದಿಕ್ಕಿನಲ್ಲಿ, ಅನಂತರ ಇನ್ನೊಂದು ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ. ಒಂದು ಕಡೆ 35, ಇನ್ನೊಂದು ಕಡೆ 41 ತೋರಿಸಿದರೆ ಎರಡೂ ಕಡೆ 38 ಬರುವಂತೆ ಮುಳ್ಳನ್ನು ಸರಿಪಡಿಸಿ, ತಡೆಯನ್ನು ಕಳಚಿ. ಈಗ ಪ್ಲೇಟಿನ ಸೊನ್ನೆ ನಿಜವಾದ ಟಿ.ಡಿ.ಸಿ.

ಇನ್ನು ಮುಂದೆ ಕ್ರ್ಯಾಂಕನ್ನು ಇಂಜಿನ್ ಓಡುವ ದಿಕ್ಕಿನಲ್ಲಿ ಮಾತ್ರ ತಿರುಗಿಸಬೇಕು. ಬೇಕಾದ ಡಿಗ್ರಿ ದಾಟಿದರೆ ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಇಲ್ಲದಿದ್ದರೆ ಗೇರುಗಳ ನಡುವಿನ ಸಡಿಲವೇ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಕ್ಯಾಮ್ ಸೇರುವ ಇಂಜಿನ್ನಿನ ಟ್ಯಾಪೆಟ್ಟನ್ನೇ ಅದರ ಮೇಲೆ ಇಟ್ಟು, ಅದು ಲೋಬಿಗೆ ಸದಾ ತಾಗಿಯೇ ಇರುವಂತೆ ಮೆತ್ತನೆಯ ಸ್ಪ್ರಿಂಗ್ ಕೊಟ್ಟು, ಪ್ರತಿ 5 ಡಿಗ್ರಿಗೆ ಒಮ್ಮೆ ಡಯಲ್ ಗೇಜನ್ನು ಓದಿ ಬರೆಯಿರಿ. ತೆರೆಯುವ ಮತ್ತು ಮುಚ್ಚುವ ತುದಿಗಳಲ್ಲಿ 2 ಡಿಗ್ರಿಗೆ ಒಮ್ಮೆ ಓದಿದರೆ ಒಳ್ಳೆಯದು. ಆ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಹಾಕಿದಾಗ ಮೂಡುವ ಗೆರೆಯನ್ನು ಆ ಕ್ಯಾಮಿನ ಹೆಬ್ಬೆಟ್ಟಿನ ಗುರುತು ಎಂದೇ ತಿಳಿಯಬಹುದು.

ಲೆಕ್ಕ ಹೀಗೆ. ಇನ್‌ಲೆಟ್ ಟಿ.ಡಿ.ಸಿ.ಗೆ 30 ಡಿಗ್ರಿ ಮೊದಲು ತೆರೆದು, ಪಿಸ್ಟನ್ನಿನ ಕೆಳತುದಿಯಾದ ಬಿ.ಡಿ.ಸಿ.ಯ ನಂತರ 60 ಡಿಗ್ರಿಗೆ ಮುಚ್ಚಿತು ಎಂದುಕೊಳ್ಳಿ: 30, 180, 60 ಕೂಡಿಸಿದರೆ ಅವಧಿ 270 ಡಿಗ್ರಿ. ಅದರ ಅರ್ಧ 135ರಿಂದ 30 ಕಳೆದರೆ ಲೋಬಿನ ನಡುಗೆರೆ ಟಿ.ಡಿ.ಸಿ.ಯ ನಂತರ 105 ಡಿಗ್ರಿಯಲ್ಲಿದೆ. ಎಕ್ಸಾಸ್ಟ್ ಬಿ.ಡಿ.ಸಿ.ಗೆ 75 ಡಿಗ್ರಿ ಮೊದಲು ತೆರೆದು ಟಿ.ಡಿ.ಸಿ.ಯ ನಂತರ 35ಕ್ಕೆ ಮುಚ್ಚಿದರೆ ಅವಧಿ 290, ನಡುಗೆರೆ ಟಿ.ಡಿ.ಸಿ.ಗೆ 110 ಡಿಗ್ರಿ ಮೊದಲು. ಎರಡು ನಡುಗೆರೆಗಳ ನಡುವೆ 215 ಕ್ರ್ಯಾಂಕ್ ಡಿಗ್ರಿ. ಕ್ಯಾಮ್ ಅರ್ಧ ವೇಗದಲ್ಲಿ ತಿರುಗುವುದರಿಂದ ಅದು 107.5 ಕ್ಯಾಮ್ ಡಿಗ್ರಿ. ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಅವಧಿ 30 ಮತ್ತು 35 ಸೇರಿ 65 ಡಿಗ್ರಿ. ಲೋಬಿನ ಏರುವ ಪಕ್ಕೆಯೂ ಇಳಿಯುವ ಪಕ್ಕೆಯೂ ಒಂದೇ ಆಕಾರದಲ್ಲಿರಬೇಕೆಂಬ ನಿಯಮವಿಲ್ಲ. ಹಾಗಿಲ್ಲದಿದ್ದಾಗ ಅತಿ ಹೆಚ್ಚಿನ ಲಿಫ್ಟ್ ಇರುವ ಜಾಗವೂ ಲೆಕ್ಕದ ನಡುಗೆರೆಯೂ ಬೇರೆ ಬೇರೆ ಕಡೆ ಬೀಳುತ್ತವೆ. ಗ್ರಾಫ್ ಹಾಕಿದ್ದರೆ ಇದು ನೋಡಿದೊಡನೆ ತಿಳಿಯುತ್ತದೆ.

ಟ್ಯಾಪೆಟ್ ಬದಲು ಗೇಜಿನ ಮೊನೆಯನ್ನೇ ಲೋಬಿನ ಮೇಲೆ ಇಟ್ಟು ಅವಧಿ ಅಳೆಯಬಹುದೇ?

ಬೇಡ. ಲಿಫ್ಟಿಗೆ ಅದು ನಡೆಯುತ್ತದೆ, ಏಕೆಂದರೆ ಲೋಬಿನ ತುದಿಯಲ್ಲಿ ಮೊನೆಯೂ ಚಪ್ಪಟೆ ಟ್ಯಾಪೆಟ್ಟೂ ಒಂದೇ ಬಿಂದುವನ್ನು ಮುಟ್ಟುತ್ತವೆ. ಪಕ್ಕೆಗಳಲ್ಲಿ ಹಾಗಾಗುವುದಿಲ್ಲ: ಚಪ್ಪಟೆ ಟ್ಯಾಪೆಟ್ ಅಗಲವಾಗಿರುವುದರಿಂದ ಏರುತ್ತಿರುವ ಲೋಬ್ ಅದರ ಅಂಚಿನ ಕಡೆಗೆ ಬೇಗನೆ ತಾಗುತ್ತದೆ, ಮೊನೆಗೆ ತಡವಾಗಿ ತಾಗುತ್ತದೆ. ಮೊನೆಯಿಂದ ಅಳೆದ ಅವಧಿ ಯಾವಾಗಲೂ ಕಡಿಮೆಯಾಗಿ ಬರುತ್ತದೆ.

ಟ್ರಯಂಫ್‌ನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿನ ಸಾಮಾನ್ಯ ಟ್ಯಾಪೆಟ್ಟಿನ ಪಾದಕ್ಕೆ ಮುಕ್ಕಾಲು ಇಂಚಿನ ತ್ರಿಜ್ಯದ ಬಾಗು ಇದ್ದರೆ, ಆರ್ ಎಂದು ಗುರುತಿಸುವ ಟ್ಯಾಪೆಟ್ಟಿಗೆ ಒಂದು ಇಂಚು ಎಂಟನೆಯ ಒಂದರಷ್ಟು ತ್ರಿಜ್ಯವಿದೆ. ತ್ರಿಜ್ಯ ದೊಡ್ಡದಾದಷ್ಟೂ ಪಾದ ಚಪ್ಪಟೆಗೆ ಹತ್ತಿರವಾಗಿ ಅವಧಿ ಹಿಗ್ಗುತ್ತದೆ. ಅದೇ ಕ್ಯಾಮ್ ಬೇರೆ ಟ್ಯಾಪೆಟ್ಟಿನ ಮೇಲೆ ಬೇರೆ ಕ್ಯಾಮಿನಂತೆ ವರ್ತಿಸುತ್ತದೆ. ಮೂಲ ಟ್ಯಾಪೆಟ್ ಸಿಗದಿದ್ದರೆ ಅದೇ ತ್ರಿಜ್ಯದ ಪಾದವನ್ನು ಲೇತಿನಲ್ಲಿ ಮಾಡಿಸಿ ಗೇಜಿಗೆ ಕೂರಿಸಿಕೊಳ್ಳಿ. ಇನ್ನೊಂದು ಸುಳಿವು: ಲೋಬಿನ ಪಕ್ಕೆ ಒಳಕ್ಕೆ ತಗ್ಗಾಗಿದ್ದರೆ ಅದು ಚಪ್ಪಟೆ ಟ್ಯಾಪೆಟ್ಟಿನದಲ್ಲ, ರೋಲರ್ ಅಥವಾ ಬಾಗಿದ ಪಾದದ ಫಾಲೋವರಿಗೆ ಮಾಡಿದ ಕ್ಯಾಮ್.

ನಾನು ಅಳೆದ ಅಂಕಿ ಪುಸ್ತಕದ ಅಂಕಿಗೆ ಹೊಂದುವುದಿಲ್ಲ. ಏಕೆ?

ಯಾವ ಕ್ಲಿಯರೆನ್ಸಿನಲ್ಲಿ ಅಳೆದಿರಿ ಎಂಬುದೇ ಹೆಚ್ಚಿನ ಸಲ ಇದಕ್ಕೆ ಉತ್ತರ. ಟ್ರಯಂಫ್ ತನ್ನ ಟೈಮಿಂಗ್ ಪರೀಕ್ಷೆಗೆ 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಕ್ಲಿಯರೆನ್ಸ್ ಇಡಲು ಹೇಳುತ್ತದೆ. ಅದು ಇಂಜಿನ್ ಓಡಿಸುವಾಗ ಇಡುವ ಕ್ಲಿಯರೆನ್ಸಿಗಿಂತ ಬಹಳ ಹೆಚ್ಚು. ಅಮೆರಿಕದ ಕ್ಯಾಮ್ ತಯಾರಕರು 0.050 ಇಂಚು ಎತ್ತಿದಲ್ಲಿಂದ ಎಣಿಸುತ್ತಾರೆ, ಜಪಾನಿನ ಕೆಲವು ಪುಸ್ತಕಗಳು 1 ಮಿ.ಮೀ. ಎತ್ತಿದಲ್ಲಿಂದ. ಇಳಿಜಾರು ನಿಧಾನವಾಗಿರುವ ಕ್ಯಾಮಿನಲ್ಲಿ ಕ್ಲಿಯರೆನ್ಸ್ ಸ್ವಲ್ಪವೇ ಬದಲಾದರೂ ಅವಧಿ ಹತ್ತಾರು ಡಿಗ್ರಿ ಬದಲಾಗುತ್ತದೆ. ಪೂರ್ತಿ ಗ್ರಾಫ್ ಕೈಯಲ್ಲಿದ್ದರೆ ಯಾವ ಪದ್ಧತಿಯ ಅಂಕಿಯನ್ನಾದರೂ ಅದರಿಂದಲೇ ಓದಿಕೊಳ್ಳಬಹುದು, ಎರಡನೆಯ ಸಲ ಅಳೆಯುವ ಕೆಲಸ ತಪ್ಪುತ್ತದೆ.

ಅವಧಿ ಸರಿಯಾಗಿದ್ದು ತೆರೆಯುವುದೂ ಮುಚ್ಚುವುದೂ ಎರಡೂ ಒಂದೇ ಕಡೆಗೆ ಸಮನಾಗಿ ಸರಿದಿದ್ದರೆ ಕ್ಯಾಮಿನ ದೋಷವಿಲ್ಲ. ಗೇರ್ ಒಂದು ಹಲ್ಲು ತಪ್ಪಿದೆ ಅಥವಾ ಬೇರೆ ಕೀಲಿ ತೋಡಿನಲ್ಲಿ ಕೂತಿದೆ. ಟ್ರಯಂಫ್‌ನ ಹಳೆಯ ಕ್ಯಾಮ್ ಗೇರುಗಳಲ್ಲಿ ಮೂರು ಕೀಲಿ ತೋಡುಗಳಿರುವುದು ಒಂದು ಹಲ್ಲಿಗಿಂತಲೂ ಚಿಕ್ಕ ಹೊಂದಾಣಿಕೆ ಸಾಧ್ಯವಾಗಲೆಂದೇ.

ಸವೆದದ್ದೋ, ಮರುಗ್ರೈಂಡ್ ಮಾಡಿದ್ದೋ ಎಂದು ತಿಳಿಯುವುದು ಹೇಗೆ?

ಸವೆತ ಸಾಮಾನ್ಯವಾಗಿ ಲೋಬಿನ ತುದಿಯನ್ನು ತಿನ್ನುತ್ತದೆ, ಬುಡದ ವೃತ್ತವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮರುಗ್ರೈಂಡ್ ಮಾಡಿದ ಕ್ಯಾಮಿನಲ್ಲಿ ಬುಡದ ವೃತ್ತವೇ ಚಿಕ್ಕದಾಗಿರುತ್ತದೆ, ಏಕೆಂದರೆ ಇರುವ ಲೋಹವನ್ನು ತೆಗೆದೇ ಹೊಸ ಆಕಾರ ಕೊಡಬೇಕು. ಹಾಗಾಗಿ ಲಿಫ್ಟ್ ಕಡಿಮೆ ಇದ್ದು ಬುಡದ ವೃತ್ತ ಪೂರ್ಣವಾಗಿದ್ದರೆ ಸವೆತವನ್ನು ಶಂಕಿಸಿ. ಲಿಫ್ಟ್ ಸರಿ ಇದ್ದು ಅಥವಾ ಹೆಚ್ಚಿದ್ದು ಬುಡದ ವೃತ್ತ ಚಿಕ್ಕದಾಗಿದ್ದರೆ ಮರುಗ್ರೈಂಡನ್ನು ಶಂಕಿಸಿ. ಸವೆದ ಲೋಬಿನ ಅಂಚಿನಲ್ಲಿ ಟ್ಯಾಪೆಟ್ ತಾಗದ ಸಣ್ಣ ಪಟ್ಟಿಯೊಂದು ಉಳಿದಿರುವುದುಂಟು. ಆ ಪಟ್ಟಿಯಲ್ಲಿ ಮೂಲ ಆಕಾರ ಹಾಗೆಯೇ ಇರುತ್ತದೆ, ಕಿರಿದಾದ ಪಾದ ಮಾಡಿಸಿಕೊಂಡು ಅಲ್ಲಿಯೇ ಅಳೆದರೆ ಪೂರ್ತಿ ಹಾಳಾದಂತೆ ಕಾಣುವ ಕ್ಯಾಮೂ ತನ್ನ ಗುರುತು ಹೇಳುತ್ತದೆ. ನಾಲ್ಕು ಲೋಬಿನ ಶಾಫ್ಟಾದರೆ ಜೋಡಿ ಲೋಬ್‌ಗಳನ್ನು ಪರಸ್ಪರ ಹೋಲಿಸುವುದನ್ನು ಮರೆಯಬೇಡಿ.

ಗುರುತಿಲ್ಲದ ಸವೆದ ಕ್ಯಾಮನ್ನು ರೇಸಿಂಗ್ ಕ್ಯಾಮ್ ಎಂಬ ಹೆಸರಿನಲ್ಲಿ ಮಾರುವ ರೂಢಿ ನಮ್ಮ ಗುಜರಿಗಳಲ್ಲಿದೆ. ಉಳಿಸಿಟ್ಟ ಹಣದಿಂದ ತಂದೆಯ ಹಳೆಯ ಗಾಡಿಯನ್ನು ಎಬ್ಬಿಸಲು ಹೊರಟ ಹುಡುಗರೇ ಇದಕ್ಕೆ ಬಲಿಯಾಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಕೊಳ್ಳುವ ಮೊದಲು ಒಂದು ವರ್ನಿಯರ್ ಕ್ಯಾಲಿಪರನ್ನಾದರೂ ಜೇಬಿನಲ್ಲಿಟ್ಟುಕೊಂಡು ಹೋಗಿ.

ಗಡಸುತನವನ್ನು ಪರೀಕ್ಷಿಸಬೇಕೇ?

ಮರುಗ್ರೈಂಡಿನ ಶಂಕೆಯಿದ್ದರೆ ಖಂಡಿತ ಬೇಕು. ಮೇಲ್ಪದರವನ್ನಷ್ಟೇ ಗಡಸು ಮಾಡಿದ ಉಕ್ಕಿನ ಕ್ಯಾಮಿನಲ್ಲಿ ಆ ಪದರದ ದಪ್ಪ ಒಂದು ಮಿಲಿಮೀಟರಿನ ಆಸುಪಾಸಿನದು. ಗ್ರೈಂಡಿಂಗ್ ಅದನ್ನು ದಾಟಿದ್ದರೆ ಒಳಗಿನ ಮೆತ್ತನೆಯ ಉಕ್ಕು ಕೆಲವೇ ದಿನಗಳ ಓಡಾಟದಲ್ಲಿ ಸವೆದು, ಪುಡಿಯಾದ ಲೋಹವನ್ನು ಎಣ್ಣೆಯ ಮೂಲಕ ಇಡೀ ಇಂಜಿನ್ನಿಗೆ ಹಂಚುತ್ತದೆ. ಟ್ಯಾಪೆಟ್ ತಾಗದ ಅಂಚಿನಲ್ಲಿ ಹೊಸ ಅರದಿಂದ ಮೆಲ್ಲಗೆ ಉಜ್ಜಿ ನೋಡಿ: ಅರ ಜಾರಿದರೆ ಗಡಸು, ಕಚ್ಚಿದರೆ ಮೆತ್ತಗೆ. ಇದರಿಂದ ಸಿಗುವುದು ಅಂದಾಜು ಮಾತ್ರ. ಭೋಸರಿ, ಚಿಂಚವಡದ ಕೈಗಾರಿಕಾ ಪ್ರದೇಶಗಳಲ್ಲಿರುವ ಹೀಟ್ ಟ್ರೀಟ್‌ಮೆಂಟ್ ಘಟಕಗಳಲ್ಲಿ ಗಡಸುತನ ಅಳೆಯುವ ರಾಕ್‌ವೆಲ್ ಯಂತ್ರ ಇರುತ್ತದೆ; ಲೋಬಿನ ಪಕ್ಕದ ಮುಖದ ಮೇಲೆ ಪರೀಕ್ಷಿಸಲು ಹೇಳಿ, ಓಡುವ ಮೈಮೇಲೆ ಗುಳಿ ಬೀಳಿಸಬೇಡಿ.

ಎಲ್ಲ ಅಳತೆ ಆದರೂ ಹೆಸರು ಸಿಗಲಿಲ್ಲ. ಆ ಕ್ಯಾಮನ್ನು ಕೂರಿಸಬಹುದೇ?

ಹೆಸರು ಸಿಗದಿದ್ದರೂ ಅಳತೆಗಳು ಒಪ್ಪುವಂತಿದ್ದರೆ ಕೂರಿಸಬಹುದು, ಆದರೆ ಇಂಜಿನ್ನಿನೊಳಗೆ ಯಾವುದೂ ಯಾವುದಕ್ಕೂ ತಾಗುವುದಿಲ್ಲ ಎಂದು ಸ್ವತಃ ಕಂಡುಕೊಂಡ ಮೇಲೆಯೇ. ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳು ಆಡುವ ಪ್ಲಾಸ್ಟಿಸಿನ್ ಜೇಡಿಯ ತೆಳು ಹಾಳೆ ಅಂಟಿಸಿ, ಸ್ವಲ್ಪ ಎಣ್ಣೆ ಸವರಿ, ಹೆಡ್ ಬಿಗಿದು, ಕೈಯಿಂದಲೇ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ. ಎಲ್ಲಿಯಾದರೂ ಬಿಗಿ ಬಂದರೆ ಅಲ್ಲಿಗೇ ನಿಲ್ಲಿಸಿ. ಹೆಡ್ ತೆಗೆದು, ವಾಲ್ವ್ ಒತ್ತಿದ ಜಾಗವನ್ನು ಕೊಯ್ದು ದಪ್ಪ ಅಳೆಯಿರಿ. ಇನ್‌ಲೆಟ್ಟಿಗೆ 2 ಮಿ.ಮೀ., ಎಕ್ಸಾಸ್ಟಿಗೆ 2.5 ಮಿ.ಮೀ. ಉಳಿದರೆ ನೆಮ್ಮದಿ. ಸೈಡ್ ವಾಲ್ವ್ ಇಂಜಿನ್ನಿನಲ್ಲಿ ವಾಲ್ವ್ ಪಿಸ್ಟನ್ನಿಗೆ ಎದುರಾಗುವುದಿಲ್ಲ, ಅಲ್ಲಿ ಹೆಡ್ಡಿನ ಒಳಛಾವಣಿಗೆ ಜೇಡಿ ಅಂಟಿಸಬೇಕು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಒತ್ತಿಕೊಳ್ಳದೆ ಒಟ್ಟು ಒಂದು ಮಿಲಿಮೀಟರಿಗಿಂತ ಹೆಚ್ಚು ಜಾಗ ಉಳಿಯಬೇಕು, ಸ್ಪ್ರಿಂಗಿನ ಮೇಲ್ತಟ್ಟೆ ವಾಲ್ವ್ ಗೈಡಿಗೆ ತಾಗಬಾರದು. ಓವರ್‌ಹೆಡ್ ವಾಲ್ವ್ ಇಂಜಿನ್ನಾದರೆ ಎರಡು ವಾಲ್ವ್‌ಗಳು ಒಟ್ಟಿಗೆ ತೆರೆದಿರುವಾಗ ಪರಸ್ಪರ ಮುಟ್ಟುವುದಿಲ್ಲವೇ ಎಂದೂ ನೋಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಪುಣೆಯ ಸಂತೆಯ ನಡುವೆ, ಖಂಡಾಲಾ ಘಾಟಿನ ಏರಿನಲ್ಲಿ ಓಡಿಸಬೇಕಾದ 350 ಸಿ.ಸಿ. ಬುಲೆಟ್ಟಿಗೆ ದೀರ್ಘ ಅವಧಿಯ ಕ್ಯಾಮ್ ಬೇಡ. ಅದು ಮೇಲಿನ ವೇಗದಲ್ಲಿ ಕೊಡುವುದನ್ನು ಕೆಳಗಿನ ಎಳೆತದಿಂದ ಕಿತ್ತುಕೊಳ್ಳುತ್ತದೆ, ನಿಂತಲ್ಲಿ ಇಂಜಿನ್ ಏರುಪೇರಾಗಿ ಉಸಿರಾಡುತ್ತದೆ.

ಹಳೆಯ ಟ್ಯಾಪೆಟ್‌ಗಳನ್ನೇ ಬಳಸಬಹುದೇ?

ಬೇರೆ ಕ್ಯಾಮಿನ ಮೇಲೆ ಓಡಿ ಸವೆದ ಪಾದವನ್ನು ಹಾಗೆಯೇ ಬಳಸಬೇಡಿ. ಪಾದವನ್ನು ಮೂಲ ಆಕಾರಕ್ಕೆ ಗ್ರೈಂಡ್ ಮಾಡಿಸಿ ಅಥವಾ ಹೊಸದು ಹಾಕಿ. ಜೋಡಿಸುವಾಗ ಲೋಬ್ ಮತ್ತು ಪಾದಗಳಿಗೆ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿ. ಮೊದಲ ಸಲ ಚಾಲೂ ಮಾಡಿದಾಗ ಇಂಜಿನ್ನನ್ನು ನಿಧಾನಗತಿಯಲ್ಲಿ ಬಿಡದೆ ಸ್ವಲ್ಪ ಹೆಚ್ಚಿನ ವೇಗದಲ್ಲಿ ಓಡಿಸಿ, ಏಕೆಂದರೆ ಬಹಳಷ್ಟು ಹಳೆಯ ಇಂಜಿನ್‌ಗಳಲ್ಲಿ ನಿಧಾನಗತಿಯಲ್ಲಿ ಕ್ಯಾಮಿಗೆ ತಲುಪುವ ಎಣ್ಣೆ ತೀರ ಕಡಿಮೆ.

ಅಳೆದ ಕ್ಯಾಮನ್ನು ಮಳೆಗಾಲದಲ್ಲಿ ಹೇಗೆ ಇಡಬೇಕು?

ಮುಂಬಯಿ ಮತ್ತು ಗೋವಾದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿ ಗ್ರೈಂಡ್ ಮಾಡಿದ ಮೈಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸಬಲ್ಲದು, ಬೆರಳಿನ ಬೆವರು ತಾಗಿದ್ದರಂತೂ ಬೆರಳಚ್ಚಿನ ಆಕಾರದಲ್ಲಿಯೇ ಹಿಡಿಸುತ್ತದೆ. ಒರೆಸಿ, ಗ್ರೀಸ್ ಅಥವಾ ದಪ್ಪ ಎಣ್ಣೆ ಸವರಿ, ಮೇಣದ ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ಹತ್ತಿಯ ಬಟ್ಟೆ ತೇವ ಹೀರುವುದರಿಂದ ಬೇಡ. ಲಿಫ್ಟ್, ಬುಡದ ವೃತ್ತದ ವ್ಯಾಸ, ಯಾವ ಕ್ಲಿಯರೆನ್ಸಿನಲ್ಲಿ ಎಷ್ಟು ಅವಧಿ, ಯಾವ ಟ್ಯಾಪೆಟ್ಟಿನಿಂದ ಅಳೆದದ್ದು ಎಂಬ ವಿವರಗಳನ್ನು ಗ್ರಾಫಿನ ಪ್ರತಿಯೊಂದಿಗೆ ಅದೇ ಚೀಲಕ್ಕೆ ಕಟ್ಟಿ, ಮುಂದೆ ಆ ಕ್ಯಾಮನ್ನು ಮಾರಿದರೆ ಆ ಕಾಗದವನ್ನೂ ಜೊತೆಗೇ ಕೊಡಿ.